ಪಂಪು ಅದುರುತ್ತಿದೆಯೇ? ಬೇರಿಂಗ್ ಬಿಚ್ಚುವ ಮುನ್ನ ಬುಡ ನೋಡಿ

ಪಂಪು ಅದುರಲು ಶುರುವಾದರೆ ಹೆಚ್ಚಿನವರ ಕೈ ಮೊದಲು ಹೋಗುವುದು ಬೇರಿಂಗ್ ಕಡೆಗೆ. ಬಿಚ್ಚುತ್ತೇವೆ, ಹೊಸದು ಹಾಕುತ್ತೇವೆ. ಎರಡು ವಾರ ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಅದೇ ಕಥೆ. ಬೇರಿಂಗ್ ಹಾಳಾಗಿದ್ದು ನಿಜ. ಆದರೆ ಅದನ್ನು ಹಾಳು ಮಾಡಿದ್ದು ಏನು ಎಂದು ಯಾರೂ ಕೇಳಿರುವುದಿಲ್ಲ. ಎಷ್ಟೋ ಸಲ ಉತ್ತರ ಪಂಪಿನ ಒಳಗಿರುವುದಿಲ್ಲ. ಅದು ನಿಂತಿರುವ ಜಾಗದಲ್ಲಿರುತ್ತದೆ: ಕಾಲು, ಶಿಮ್ (ಕಾಲಿನಡಿ ಹಾಕುವ ತೆಳು ಲೋಹದ ಹಾಳೆ), ಬೇಸ್ ಪ್ಲೇಟ್ (ಪಂಪು, ಮೋಟಾರು ಕೂರುವ ಲೋಹದ ಚೌಕಟ್ಟು), ಗ್ರೌಟ್ (ಬೇಸ್ ಪ್ಲೇಟಿಗೂ ಕಾಂಕ್ರೀಟಿಗೂ ನಡುವೆ ಸುರಿದು ಗಟ್ಟಿಯಾಗಲು ಬಿಡುವ ಗಾರೆ), ಕಾಂಕ್ರೀಟು, ಪೈಪಿನ ಸಪೋರ್ಟು.

ಈ ಬರಹದಲ್ಲಿ ಕಣ್ಣಿಗೆ, ಕಿವಿಗೆ, ಕೈಗೆ ಸಿಗುವ ಲಕ್ಷಣ ಹಿಡಿದು ಒಂದೊಂದಾಗಿ ನೋಡೋಣ. ಸುಲಭದ್ದು ಮೊದಲು, ಖರ್ಚಿನದ್ದು ಕೊನೆಗೆ.

## ಕೈ ಹಾಕುವ ಮುನ್ನ

ಬೋಲ್ಟ್ ಮುಟ್ಟುವ ಕೆಲಸ ಯಾವುದಾದರೂ ಸರಿ, ಪಂಪು ನಿಂತಿರಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು. ಮೇನ್ ಐಸೊಲೇಟರ್ (ಕರೆಂಟನ್ನು ಪೂರ್ತಿ ಕಡಿಯುವ ಸ್ವಿಚ್) ಆಫ್ ಮಾಡಿ, ನಿಮ್ಮ ಬೀಗ ಹಾಕಿ, ಬೀಗದ ಕೈ ನಿಮ್ಮ ಜೇಬಿನಲ್ಲಿರಲಿ. ನಿಮ್ಮ ಹೆಸರಿನ ಟ್ಯಾಗ್ ತೂಗುಹಾಕಿ. ಆಮೇಲೆ ಒಮ್ಮೆ ಸ್ಟಾರ್ಟ್ ಬಟನ್ ಒತ್ತಿ, ಪಂಪು ಏಳುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಸಕ್ಷನ್ (ನೀರು ಒಳಗೆ ಬರುವ ಕಡೆ), ಡೆಲಿವರಿ (ಹೊರಗೆ ಹೋಗುವ ಕಡೆ) ಎರಡೂ ವಾಲ್ವ್ ಮುಚ್ಚಿ, ಒಳಗಿನ ಒತ್ತಡ ಇಳಿಸಿ. ಡೆಲಿವರಿ ಕಡೆ ನೀರು ಎತ್ತರಕ್ಕೆ ನಿಂತಿದ್ದು, ನಾನ್ ರಿಟರ್ನ್ ವಾಲ್ವ್ ಸೋರುತ್ತಿದ್ದರೆ, ಕರೆಂಟ್ ಇಲ್ಲದೆಯೂ ಪಂಪು ಹಿಮ್ಮುಖವಾಗಿ ತಿರುಗಬಹುದು. ಇದನ್ನು ಮರೆತು ಬೆರಳು ಕಳೆದುಕೊಂಡವರಿದ್ದಾರೆ.

ಓಡುತ್ತಿರುವಾಗ ನೋಡಬಹುದು, ಕೇಳಬಹುದು, ಅಳೆಯಬಹುದು. ಬಿಚ್ಚುವಂತಿಲ್ಲ, ಬಿಗಿಯುವಂತಿಲ್ಲ. "ಓಡ್ತಾ ಇರುವಾಗಲೇ ಒಂದು ಕಾಲಿನ ಬೋಲ್ಟ್ ಸಡಿಲ ಮಾಡಿ ನೋಡೋಣ" ಎನ್ನುವ ಹಳೇ ಅಭ್ಯಾಸ ಕೆಲವು ಕಡೆ ಇನ್ನೂ ಇದೆ. ದಯವಿಟ್ಟು ಬೇಡ. ಕಪ್ಲಿಂಗ್ (ಪಂಪು, ಮೋಟಾರಿನ ಶಾಫ್ಟುಗಳ ಜೋಡಣೆ) ಮೇಲಿನ ಗಾರ್ಡ್ ತೆಗೆದು ಓಡಿಸುವುದೂ ಬೇಡ.

ಒಂದು ಪುಸ್ತಕ ಇಡಿ. ಪ್ರತಿ ಬೇರಿಂಗ್ ಹತ್ತಿರ ಮೂರು ದಿಕ್ಕಿನಲ್ಲಿ ಕಂಪನ ಅಳೆದು ಬರೆಯಿರಿ: ಅಡ್ಡ, ಉದ್ದ (ನೆಲದಿಂದ ಮೇಲಕ್ಕೆ), ಮತ್ತು ಶಾಫ್ಟಿನ ದಿಕ್ಕು. ಅಳತೆ ಸೆಕೆಂಡಿಗೆ ಮಿಲಿಮೀಟರ್, ಆರ್‌ಎಂಎಸ್ (ಒಂದು ಬಗೆಯ ಸರಾಸರಿ) ಲೆಕ್ಕದಲ್ಲಿ. ಒಂದು ಅಂದಾಜಿಗೆ, ಸಂಸ್ಕರಣಾಗಾರಗಳ ಪಂಪುಗಳಿಗೆ ಬಳಸುವ ಎಪಿಐ 610 ಮಾನದಂಡದಲ್ಲಿ ಹೊಸ ಸೆಂಟ್ರಿಫ್ಯೂಗಲ್ ಪಂಪಿನ ಬೇರಿಂಗ್ ಮನೆಯ ಮೇಲೆ ಸಾಮಾನ್ಯ ಮಿತಿ 3.0 ಮಿ.ಮೀ./ಸೆಕೆಂಡ್. ಆದರೆ ಮಾನದಂಡಕ್ಕಿಂತ ನಿಮ್ಮ ಪಂಪಿನ ಹಳೇ ಲೆಕ್ಕವೇ ಜಾಸ್ತಿ ಮಾತಾಡುತ್ತದೆ. ಎಂದೂ 1.5 ಇದ್ದದ್ದು ಈಗ 3 ಆಗಿದ್ದರೆ, ಮಿತಿಯೊಳಗೇ ಇದೆ ಎಂದು ಸುಮ್ನಿರಬಾರದು. ಏನೋ ಬದಲಾಗಿದೆ.

ಈ ಮೂರು ದಿಕ್ಕಿನ ಅಳತೆಯಲ್ಲೇ ಅರ್ಧ ಉತ್ತರ ಇದೆ. ಗಟ್ಟಿಯಾಗಿ ಕೂತ ಪಂಪು ಮೇಲೆ-ಕೆಳಗೆ ಅದುರುವುದಕ್ಕಿಂತ ಅಡ್ಡಕ್ಕೆ ಸ್ವಲ್ಪ ಹೆಚ್ಚು ಅದುರುತ್ತದೆ, ಅದು ಸಹಜ. ಮೇಲೆ-ಕೆಳಗಿನದ್ದೇ ಜಾಸ್ತಿಯಾಗಿದ್ದರೆ ಬುಡ ಸಡಿಲವಾಗಿದೆಯೇ ನೋಡಿ. ಅಡ್ಡದ್ದು ಮೂರು-ನಾಲ್ಕು ಪಟ್ಟು ಹೆಚ್ಚಿದ್ದರೆ ಅನುರಣನೆಯ ಗುಮಾನಿ ಇಡಿ (ಮುಂದೆ ಹೇಳುತ್ತೇನೆ). ಶಾಫ್ಟಿನ ದಿಕ್ಕಿನದ್ದು ಎದ್ದು ಕಂಡರೆ ಅಲೈನ್‌ಮೆಂಟ್ (ಪಂಪು, ಮೋಟಾರಿನ ಶಾಫ್ಟುಗಳ ಸಾಲು) ತಪ್ಪಿರಬಹುದು ಅಥವಾ ಪೈಪಿನ ಎಳೆತ ಇರಬಹುದು.

## "ನಿನ್ನೆವರೆಗೆ ಚೆನ್ನಾಗಿತ್ತು, ಈಗ ಅದುರುತ್ತಿದೆ"

ಒಂದು ಟಾರ್ಚ್, ಒಂದು ಎಣ್ಣೆ ಡಬ್ಬಿ ಸಾಕು. ಕೆಳಗೆ ಕೂತು, ಕಣ್ಣನ್ನು ಬೇಸ್ ಪ್ಲೇಟಿನ ಮಟ್ಟಕ್ಕೆ ತನ್ನಿ.

ಪಂಪಿನ ಕಾಲು ಬೇಸ್ ಪ್ಲೇಟಿಗೆ ತಾಗುವ ಗೆರೆಯ ಮೇಲೆ ಎರಡು ಹನಿ ತೆಳು ಎಣ್ಣೆ ಬಿಡಿ. ತಿರುಗುವ ಭಾಗದಿಂದ ಕೈ ದೂರವಿರಲಿ, ಉದ್ದ ಮೂತಿಯ ಡಬ್ಬಿ ಬಳಸಿ. ಕಾಲು ಗಟ್ಟಿಯಾಗಿ ಕೂತಿದ್ದರೆ ಎಣ್ಣೆ ಸುಮ್ನೆ ಹರಡಿಕೊಂಡು ನಿಲ್ಲುತ್ತದೆ. ಕಾಲು ಎದ್ದು ಕೂರುತ್ತಿದ್ದರೆ ಎಣ್ಣೆ ಒಳಕ್ಕೆ ಹೋಗಿ ಹೊರಕ್ಕೆ ಬರುತ್ತಾ ಸಣ್ಣ ಸಣ್ಣ ಗುಳ್ಳೆ ಏಳುತ್ತದೆ. ಆ ಜಾಗ ಉಸಿರಾಡುತ್ತಿರುವ ಹಾಗೆ ಕಾಣುತ್ತದೆ. ಅದೇ ಪರೀಕ್ಷೆಯನ್ನು ಬೇಸ್ ಪ್ಲೇಟ್ ಮತ್ತು ಗ್ರೌಟ್ ನಡುವೆ, ಗ್ರೌಟ್ ಮತ್ತು ಕಾಂಕ್ರೀಟ್ ನಡುವೆಯೂ ಮಾಡಿ. ಗುಳ್ಳೆ ಎದ್ದ ಗೆರೆಯಲ್ಲೇ ಸಡಿಲ ಇದೆ.

ನಟ್ಟಿನ ಸುತ್ತ ಕೆಂಪು-ಕಂದು ಪುಡಿ ಕಂಡರೆ ಅದನ್ನು ಒರೆಸಿ ಮುಂದೆ ಹೋಗಬೇಡಿ. ಎರಡು ಲೋಹ ಒಂದರ ಮೇಲೊಂದು ಉಜ್ಜಾಡಿದರೆ ಹಾಗೆ ಪುಡಿ ಬರುತ್ತದೆ. ಪೇಂಟು ನಟ್ಟಿನ ಅಂಚಿನಲ್ಲಿ ಬಿರುಕು ಬಿಟ್ಟಿದ್ದರೂ ಅದೇ ಅರ್ಥ.

ಕಂಪನ ಮಾಪಕ ಇದ್ದರೆ ಇನ್ನೂ ಸುಲಭ. ಪಂಪಿನ ಕಾಲು, ಅದರ ಕೆಳಗಿನ ಬೇಸ್ ಪ್ಲೇಟು, ಗ್ರೌಟು, ಕಾಂಕ್ರೀಟು: ಮೇಲಿಂದ ಕೆಳಕ್ಕೆ ಒಂದೇ ಸಾಲಿನಲ್ಲಿ ಅಳೆಯುತ್ತಾ ಬನ್ನಿ. ಅಳತೆ ನಿಧಾನವಾಗಿ ಇಳಿದರೆ ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿವೆ. ಕಾಲಿನಲ್ಲಿ 6 ಇದ್ದದ್ದು ಒಂದು ಅಂಗುಲ ಕೆಳಗೆ ಬೇಸ್ ಪ್ಲೇಟಿನಲ್ಲಿ 1 ಆದರೆ, ಆ ಎರಡರ ನಡುವೆ ಜೋಡಣೆ ಬಿಟ್ಟಿದೆ.

ಪಂಪು ನಿಲ್ಲಿಸಿ, ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ತಯಾರಕರು ಹೇಳಿದ ಬಿಗಿಗೆ ತನ್ನಿ. ಉದ್ದ ಪೈಪು ಸಿಕ್ಕಿಸಿ ಜಗ್ಗಬೇಡಿ. ಒಂದು ಬೋಲ್ಟ್ ಪದೇ ಪದೇ ಸಡಿಲವಾಗುತ್ತಿದ್ದರೆ ತಪ್ಪು ಬಹುಶಃ ಬಿಗಿಯುವವನದ್ದಲ್ಲ. ಫೌಂಡೇಶನ್ ಬೋಲ್ಟು ಸ್ಪ್ರಿಂಗಿನ ಹಾಗೆ ಸ್ವಲ್ಪ ಹಿಗ್ಗಿ ಬೇಸನ್ನು ಹಿಡಿದಿಡಬೇಕು. ಅದಕ್ಕೆಂದೇ ಬೋಲ್ಟಿನ ಮೇಲ್ಭಾಗಕ್ಕೆ ಸ್ಲೀವ್ (ಕೊಳವೆ) ಹಾಕಿ, ಗ್ರೌಟ್ ಅಂಟದಂತೆ ಬಿಡುತ್ತಾರೆ. ಸ್ಲೀವಿನೊಳಗೆ ಗ್ರೌಟ್ ತುಂಬಿಬಿಟ್ಟರೆ ಹಿಗ್ಗಲು ಉದ್ದವೇ ಉಳಿಯುವುದಿಲ್ಲ, ಚೂರು ಜಾರಿದರೂ ಬಿಗಿ ಹೋಗುತ್ತದೆ.

## "ಬಿಗಿ ಮಾಡಿದಷ್ಟೂ ಜಾಸ್ತಿ ಆಗುತ್ತಿದೆ"

ಈ ಲಕ್ಷಣ ಹೊಸಬರನ್ನು ಗಾಬರಿ ಮಾಡುತ್ತದೆ. ಬೋಲ್ಟ್ ಬಿಗಿದರೆ ಕಂಪನ ಇಳಿಯಬೇಕು, ಅಲ್ವಾ? ಇಲ್ಲಿ ಏರುತ್ತದೆ. ಇದಕ್ಕೆ ಫಿಟ್ಟರ್‌ಗಳು ಸಾಫ್ಟ್ ಫುಟ್ ಅನ್ನುತ್ತಾರೆ.

ಒಂದು ಕಾಲು ಗಿಡ್ಡ ಇರುವ ಮೇಜನ್ನು ನೆನೆಸಿಕೊಳ್ಳಿ. ಅದು ಕುಂಟುತ್ತದೆ. ಆ ಗಿಡ್ಡ ಕಾಲನ್ನು ನೆಲಕ್ಕೆ ಬೋಲ್ಟ್ ಹಾಕಿ ಎಳೆದರೆ ಕುಂಟುವುದು ನಿಲ್ಲುತ್ತದೆ, ಆದರೆ ಮೇಜೇ ತಿರುಚಿಕೊಳ್ಳುತ್ತದೆ. ಮೋಟಾರು ಅಥವಾ ಪಂಪಿಗೂ ಹಾಗೇ. ಬಾಡಿ ತಿರುಚಿದರೆ ಬೇರಿಂಗ್ ಮನೆಗಳ ಸಾಲು ತಪ್ಪುತ್ತದೆ, ಅಲೈನ್‌ಮೆಂಟ್ ಹೋಗುತ್ತದೆ. ಮೋಟಾರಿನೊಳಗೆ ರೋಟರ್ ಸುತ್ತಲಿನ ಗಾಳಿಯ ಸಂದು ಒಂದು ಕಡೆ ಕಿರಿದಾಗುತ್ತದೆ.

ನೋಡುವ ಬಗೆ ಹೀಗೆ. ಬೀಗ ಹಾಕಿದ ಮೇಲೆ ನಾಲ್ಕೂ ಬೋಲ್ಟು ಸರಿಯಾಗಿ ಬಿಗಿ ಇರಲಿ. ಮ್ಯಾಗ್ನೆಟಿಕ್ ಬೇಸ್ ಇರುವ ಡಯಲ್ ಗೇಜನ್ನು (ಅತಿ ಸಣ್ಣ ಅಲುಗಾಟವನ್ನೂ ತೋರಿಸುವ ಮಾಪಕ) ಬೇಸ್ ಪ್ಲೇಟಿನ ಮೇಲೆ ನಿಲ್ಲಿಸಿ, ಮುಳ್ಳಿನ ತುದಿ ಒಂದು ಕಾಲಿನ ಮೇಲೆ ಕೂರಲಿ. ಸೊನ್ನೆಗೆ ಹೊಂದಿಸಿ. ಆ ಕಾಲಿನ ಬೋಲ್ಟ್ ಮಾತ್ರ ಸಡಿಲಿಸಿ. ಮುಳ್ಳು ಎಷ್ಟು ಜಿಗಿಯಿತು ಬರೆದುಕೊಳ್ಳಿ. ಮತ್ತೆ ಬಿಗಿದು ಮುಂದಿನ ಕಾಲಿಗೆ ಹೋಗಿ. 0.05 ಮಿ.ಮೀ. ದಾಟಿದರೆ ಸರಿಪಡಿಸಲೇಬೇಕು. ಅದು ತಲೆಕೂದಲಿಗಿಂತ ತೆಳು ಅಳತೆ, ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಡಯಲ್ ಬೇಕು.

ಜಿಗಿದ ಕಾಲಿಗೆ ಸುಮ್ನೆ ಶಿಮ್ ತುರುಕಬೇಡಿ. ಸಡಿಲಿಸಿದ ಕಾಲಿನ ನಾಲ್ಕು ಮೂಲೆಗೂ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು) ಹಾಕಿ ನೋಡಿ.

ನಾಲ್ಕೂ ಮೂಲೆಯಲ್ಲಿ ಒಂದೇ ಸಂದು ಇದ್ದರೆ ಕಾಲು ಗಿಡ್ಡ. ಅಷ್ಟೇ ದಪ್ಪದ ಶಿಮ್ ಸಾಕು. ಒಂದು ಕಡೆ ಸಂದು, ಇನ್ನೊಂದು ಕಡೆ ಇಲ್ಲ ಅಂದರೆ ಕಾಲು ಅಥವಾ ಅದು ಕೂರುವ ಜಾಗ ಓರೆಯಾಗಿದೆ. ಅಲ್ಲಿ ಚಪ್ಪಟೆ ಶಿಮ್ ಹಾಕಿದರೆ ಕಾಲು ಮತ್ತೂ ಬಾಗುತ್ತದೆ. ಮೆಟ್ಟಿಲಿನ ಹಾಗೆ ಕತ್ತರಿಸಿದ ಶಿಮ್ ತಾತ್ಕಾಲಿಕ ಪರಿಹಾರ, ಸಮತಟ್ಟಾಗಿ ಮಷಿನಿಂಗ್ ಮಾಡಿಸುವುದು ಸರಿಯಾದ ಪರಿಹಾರ. ಫೀಲರ್ ಎಲ್ಲೂ ಹೋಗುತ್ತಿಲ್ಲ, ಆದರೂ ಡಯಲ್ ಜಿಗಿಯುತ್ತಿದೆಯೇ? ಹಾಗಾದರೆ ಶಿಮ್ಮುಗಳ ಕಟ್ಟೇ ಸ್ಪ್ರಿಂಗ್ ಆಗಿದೆ.

ಈ ಕೊನೆಯದು ನಾನು ಅತಿ ಹೆಚ್ಚು ಕಂಡದ್ದು. ಒಂದು ಕಾಲಿನಡಿ ಎಂಟೊಂಬತ್ತು ತೆಳು ಹಾಳೆ, ನಡುವೆ ತುಕ್ಕು, ಹಳೇ ಪೇಂಟು, ಅಂಚಿನಲ್ಲಿ ಮಡಚಿದ ಮೂಲೆ. ಎಲ್ಲ ತೆಗೆದು ಹಾಕಿ. ಜಾಗವನ್ನು ಕೆರೆದು, ಒರೆಸಿ, ಬೆರಳು ಸವರಿ ನೋಡಿ. ಸ್ಟೇನ್‌ಲೆಸ್ ಸ್ಟೀಲ್ ಶಿಮ್ ಬಳಸಿ, ಒಂದು ಕಾಲಿಗೆ ಮೂರು-ನಾಲ್ಕಕ್ಕಿಂತ ಹೆಚ್ಚು ಬೇಡ. ತೆಳುವಾದದ್ದು ದಪ್ಪದವುಗಳ ನಡುವೆ ಬರಲಿ. ಅತಿ ಹೆಚ್ಚು ಜಿಗಿದ ಕಾಲಿನಿಂದ ಶುರು ಮಾಡಿ, ಒಂದು ತಿದ್ದಿದ ಮೇಲೆ ನಾಲ್ಕನ್ನೂ ಮತ್ತೆ ಅಳೆಯಿರಿ. ಒಂದು ಕಾಲು ಸರಿ ಮಾಡಿದರೆ ಎದುರು ಮೂಲೆಯ ಕಾಲಿನ ಲೆಕ್ಕವೇ ಬದಲಾಗುತ್ತದೆ.

ಇಷ್ಟೆಲ್ಲ ಆದ ಮೇಲೆಯೇ ಅಲೈನ್‌ಮೆಂಟ್. ಮೊದಲು ಅಲೈನ್‌ಮೆಂಟ್ ಮಾಡಿ ಆಮೇಲೆ ಕಾಲು ತಿದ್ದಿದರೆ ಮಾಡಿದ ಕೆಲಸ ಹಾಳು.

## "ಬೇಸ್ ಪ್ಲೇಟ್ ತಟ್ಟಿದರೆ ಟೊಳ್ಳು ಸದ್ದು"

ಒಂದು ಕಾರ್ಖಾನೆಯಲ್ಲಿ ಒಂದು ನೀರಿನ ಪಂಪಿಗೆ ಒಂದೇ ವರ್ಷದಲ್ಲಿ ಮೂರು ಸಲ ಬೇರಿಂಗ್ ಬದಲಿಸಿದ್ದೆವು. ಇಂಪೆಲ್ಲರ್ ಬ್ಯಾಲೆನ್ಸ್ ಮಾಡಿಸಿದೆವು. ಲೇಸರ್ ಅಲೈನ್‌ಮೆಂಟ್ ಆಯಿತು. ಏನೂ ಉಪಯೋಗವಾಗಲಿಲ್ಲ. ಕೊನೆಗೆ ನಮ್ಮ ಜೊತೆಗಿದ್ದ ಹಿರಿಯ ಫಿಟ್ಟರ್ ಒಬ್ಬರು ಸಣ್ಣ ಸುತ್ತಿಗೆ ತೆಗೆದುಕೊಂಡು ಬೇಸ್ ಪ್ಲೇಟನ್ನು ಮೂಲೆಯಿಂದ ಮೂಲೆಗೆ ತಟ್ಟುತ್ತಾ ಹೋದರು. ಪಂಪಿನ ಕಡೆ ಟಕ್ ಟಕ್ ಎಂದು ಗಟ್ಟಿ ಸದ್ದು. ಮೋಟಾರಿನ ಹಿಂದಿನ ಕಾಲಿನ ಹತ್ತಿರ ಬಂದಾಗ ಸದ್ದು ಡಬ್ ಡಬ್ ಎಂದು ಬದಲಾಯಿತು, ಖಾಲಿ ಡಬ್ಬ ಬಡಿದ ಹಾಗೆ. ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಎರಡು ಕೈ ಅಗಲದ ಜಾಗದ ಕೆಳಗೆ ಗ್ರೌಟೇ ಇರಲಿಲ್ಲ. ಸುರಿಯುವಾಗ ಗಾಳಿ ಹೊರಹೋಗಲು ತೂತು ಬಿಟ್ಟಿರಲಿಲ್ಲ, ಗಾಳಿ ಅಲ್ಲೇ ಸಿಕ್ಕಿಕೊಂಡಿತ್ತು. ಅಂದರೆ ಪಂಪು ಬಂದ ಮೊದಲ ದಿನದಿಂದ ಮೋಟಾರಿನ ಒಂದು ಕಾಲು ಬರೀ ತಗಡಿನ ಮೇಲೆ ನಿಂತಿತ್ತು. ಆ ಮೂರು ಜೊತೆ ಬೇರಿಂಗ್ ಹಾಕಿದ್ದು ನಾನೇ, ಸುತ್ತಿಗೆ ಹಿಡಿದು ತಟ್ಟಬೇಕೆಂದು ನನಗೆ ಹೊಳೆದಿರಲಿಲ್ಲ. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಪಂಪು ನಿಂತಿರುವಾಗ, ಅರ್ಧ ಕಿಲೋ ಸುತ್ತಿಗೆಯಿಂದ, ಗೇಣಿಗೊಂದರಂತೆ ತಟ್ಟಿ. ಟೊಳ್ಳು ಬಂದ ಕಡೆಯೆಲ್ಲ ಗೆರೆ ಹಾಕಿ. ಅಂಚಿನಲ್ಲಿ ಸಣ್ಣ ಟೊಳ್ಳು ಇದ್ದರೆ ಗಮನದಲ್ಲಿಡಿ. ಕಾಲಿನ ಕೆಳಗೆ ಅಥವಾ ಫೌಂಡೇಶನ್ ಬೋಲ್ಟಿನ ಪಕ್ಕ ಇದ್ದರೆ ತುಂಬಿಸಲೇಬೇಕು.

ತುಂಬಿಸಲು ಇಡೀ ಬೇಸ್ ಎತ್ತಬೇಕಿಲ್ಲ. ಟೊಳ್ಳಿನ ಒಂದು ತುದಿಗೆ ಒಂದು ತೂತು, ಇನ್ನೊಂದು ತುದಿಗೆ ಗಾಳಿ ಹೋಗಲು ಇನ್ನೊಂದು ತೂತು ಕೊರೆದು, ತೆಳು ಎಪಾಕ್ಸಿಯನ್ನು ನಿಧಾನವಾಗಿ ಪಂಪ್ ಮಾಡುತ್ತಾರೆ. ಎರಡನೇ ತೂತಿನಿಂದ ಎಪಾಕ್ಸಿ ಹೊರಬಂದರೆ ತುಂಬಿತು. ಒತ್ತಡ ಜಾಸ್ತಿ ಕೊಟ್ಟರೆ ಬೇಸ್ ಪ್ಲೇಟೇ ಮೇಲಕ್ಕೆ ಉಬ್ಬುತ್ತದೆ, ಆದ್ದರಿಂದ ಪಕ್ಕದಲ್ಲಿ ಡಯಲ್ ಗೇಜ್ ಇಟ್ಟು ಕಣ್ಣಿಟ್ಟಿರಿ. ಕೊರೆಯುವ ಮುನ್ನ ಕೆಳಗೆ ಕೇಬಲ್ ಹೋಗಿಲ್ಲ ಎಂದು ನಕ್ಷೆ ನೋಡಿ. ಎಪಾಕ್ಸಿ ಚರ್ಮಕ್ಕೆ ಕೆಟ್ಟದ್ದು, ಕೈಗವಸು ಮತ್ತು ಕನ್ನಡಕ ಬೇಕೇ ಬೇಕು. ಹಳೇ ಗ್ರೌಟ್ ಕೆತ್ತುವುದಾದರೆ ಆ ಧೂಳಿಗೆ ತಕ್ಕ ಮಾಸ್ಕ್ ಇರಲಿ.

ಬೇಸಿನ ಅಂಚಿನಲ್ಲಿ ಇನ್ನೊಂದು ಸಂಗತಿ ಹುಡುಕಿ. ಹಾಕುವಾಗ ಮಟ್ಟ ಮಾಡಲು ಬಳಸಿದ ಬೆಣೆ ಅಥವಾ ಜ್ಯಾಕ್ ಬೋಲ್ಟು ಇನ್ನೂ ಒಳಗೇ ಇದೆಯೇ? ಗ್ರೌಟ್ ಗಟ್ಟಿಯಾದ ಮೇಲೆ ಅವನ್ನು ತೆಗೆಯಬೇಕು ಅಥವಾ ಸಡಿಲಿಸಬೇಕು. ಬಿಟ್ಟರೆ ಭಾರ ಗ್ರೌಟಿನ ಮೇಲೆ ಹರಡದೆ ಆ ನಾಲ್ಕೈದು ಬಿಂದುಗಳ ಮೇಲೇ ನಿಲ್ಲುತ್ತದೆ.

ಕಾಂಕ್ರೀಟಿನಲ್ಲಿ ಬಿರುಕಿದ್ದರೆ ಎರಡೂ ತುದಿಗೆ ದಿನಾಂಕ ಬರೆದು ಗುರುತು ಹಾಕಿ. ಗುರುತು ದಾಟಿ ಬೆಳೆಯುತ್ತಿದ್ದರೆ ಅದು ಜೀವಂತ ಬಿರುಕು. ಸೀಲಿನಿಂದ ಸೋರಿದ ಎಣ್ಣೆ ಕುಡಿದ ಕಾಂಕ್ರೀಟು ಕಪ್ಪಾಗಿ ಪುಡಿಪುಡಿಯಾಗಿರುತ್ತದೆ. ಅದರ ಮೇಲೆ ಏನು ಸುರಿದರೂ ಹಿಡಿಯುವುದಿಲ್ಲ, ಗಟ್ಟಿ ಕಾಂಕ್ರೀಟ್ ಸಿಗುವವರೆಗೆ ಕೆತ್ತಲೇಬೇಕು. ಅಡಿಪಾಯವೇ ಚಿಕ್ಕದಾಗಿದೆಯೇ ಎಂಬ ಅನುಮಾನಕ್ಕೆ ಒಂದು ಹಳೇ ಲೆಕ್ಕ ಇದೆ: ಸೆಂಟ್ರಿಫ್ಯೂಗಲ್ ಪಂಪಿಗೆ ಪಂಪು, ಮೋಟಾರು, ಬೇಸ್ ಸೇರಿದ ತೂಕದ ಕನಿಷ್ಠ 3 ಪಟ್ಟು ಕಾಂಕ್ರೀಟು. ಪಿಸ್ಟನ್ ಬಗೆಯದ್ದಕ್ಕೆ 5 ಪಟ್ಟು.

## "ಅಲೈನ್‌ಮೆಂಟ್ ಮಾಡಿದರೂ ಮತ್ತೆ ಮತ್ತೆ ತಪ್ಪುತ್ತದೆ"

ಪೈಪಿನ ಮೇಲೆ ಗುಮಾನಿ ಇಡಿ. ಪಂಪು ಪೈಪನ್ನು ಹೊರುವ ಕಂಬ ಅಲ್ಲ. ಪೈಪಿಗೆ ತನ್ನದೇ ಸಪೋರ್ಟು ಇರಬೇಕು, ಅದೂ ಪಂಪಿನ ಹತ್ತಿರದಲ್ಲೇ.

ಮೊದಲು ಖರ್ಚಿಲ್ಲದ ಪರೀಕ್ಷೆ: ಪೈಪಿನ ಸಪೋರ್ಟುಗಳ ಕೆಳಗೆ ಕಾಗದ ತೂರಿಸಿ ನೋಡಿ. ಸಲೀಸಾಗಿ ತೂರಿದರೆ ಆ ಸಪೋರ್ಟು ಸುಮ್ನೆ ನಿಂತಿದೆ, ಭಾರ ಪಂಪಿನ ಮೇಲಿದೆ.

ಮುಂದಿನದು ಪೈಪ್ ಬಿಚ್ಚುವ ಪರೀಕ್ಷೆ. ಒತ್ತಡ ಇಳಿಸಿ, ಖಾಲಿ ಮಾಡಿ, ಬಿಸಿ ಅಥವಾ ವಿಷದ ದ್ರವವಾದರೆ ತೊಳೆದು ಆಮೇಲೆ ಫ್ಲ್ಯಾಂಜ್ (ಪೈಪು ಪಂಪಿಗೆ ಸೇರುವ ಚಪ್ಪಟೆ ಅಂಚು) ಬೋಲ್ಟ್ ಸಡಿಲಿಸಿ. ಮುಖಕ್ಕೆ ನೇರ ನಿಲ್ಲಬೇಡಿ, ನಿಮ್ಮಿಂದ ದೂರದ ಬೋಲ್ಟನ್ನು ಮೊದಲು ಸಡಿಲಿಸಿ. ಫ್ಲ್ಯಾಂಜು ಠಪ್ ಎಂದು ಪಕ್ಕಕ್ಕೆ ಹಾರಿದರೆ ಉತ್ತರ ಸಿಕ್ಕಂತೆ. ಸರಿಯಾಗಿ ಕೂರಿಸಿದ ಪೈಪಿನಲ್ಲಿ ಎರಡು ಫ್ಲ್ಯಾಂಜುಗಳ ಮುಖ ಒಂದಕ್ಕೊಂದು ಸಮ ಇರುತ್ತದೆ, ಬೋಲ್ಟು ಕೈಯಲ್ಲೇ ತೂರುತ್ತದೆ. ಮತ್ತೆ ಬಿಗಿಯುವಾಗ ಕಪ್ಲಿಂಗ್ ಮೇಲೆ ಅಡ್ಡಕ್ಕೊಂದು, ಮೇಲೆ-ಕೆಳಗೊಂದು ಡಯಲ್ ಇಡಿ. ಪೂರ್ತಿ ಬಿಗಿದಾಗ ಎರಡರಲ್ಲೂ 0.05 ಮಿ.ಮೀ. ಒಳಗಿರಬೇಕು. ಮೀರಿದರೆ ಪೈಪನ್ನೇ ತಿದ್ದಬೇಕು. ಚೈನ್ ಬ್ಲಾಕ್ ಹಾಕಿ ಪೈಪನ್ನು ಪಂಪಿಗೆ ಎಳೆದು ಬೋಲ್ಟ್ ಹಾಕುವುದು ಸಮಸ್ಯೆಯನ್ನು ಒಳಗೆ ಕೂಡಿಹಾಕಿದಂತೆ.

"ಬೆಲ್ಲೋಸ್ (ಬಾಗಿ ಹಿಗ್ಗುವ ಪೈಪಿನ ತುಂಡು) ಹಾಕಿದ್ದೇವೆ, ಎಳೆತ ಬರಲ್ಲ" ಎಂದು ಹೇಳುವವರಿಗೆ ಒಂದು ಲೆಕ್ಕ. 200 ಮಿ.ಮೀ. ಪೈಪಿನಲ್ಲಿ 6 ಬಾರ್ ಒತ್ತಡ ಇದ್ದರೆ, ಟೈ ರಾಡ್ (ಬೆಲ್ಲೋಸ್ ಚಾಚದಂತೆ ಹಿಡಿಯುವ ಸಲಾಕೆ) ಇಲ್ಲದ ಬೆಲ್ಲೋಸ್ ಪಂಪನ್ನು ಸುಮಾರು 1,900 ಕಿಲೋ ಭಾರದಷ್ಟು ಬಲದಿಂದ ತಳ್ಳುತ್ತದೆ. ಟೈ ರಾಡ್ ಇದೆಯೇ, ಅದರ ನಟ್ಟು ಸರಿಯಾದ ಜಾಗದಲ್ಲಿದೆಯೇ ನೋಡಿ.

ತಣ್ಣಗಿರುವಾಗ ಚೆನ್ನಾಗಿದ್ದು, ಒಂದೆರಡು ಗಂಟೆ ಓಡಿದ ಮೇಲೆ ಅದುರುತ್ತದೆಯೇ? ಅದು ಶಾಖದ ಹಿಗ್ಗು. ಉಕ್ಕು ಮೀಟರಿಗೆ, ಪ್ರತಿ ಡಿಗ್ರಿಗೆ ಸುಮಾರು 0.012 ಮಿ.ಮೀ. ಹಿಗ್ಗುತ್ತದೆ. ಕಾಲಿನಿಂದ ಶಾಫ್ಟಿಗೆ 300 ಮಿ.ಮೀ. ಎತ್ತರ, 80 ಡಿಗ್ರಿ ಏರಿಕೆ ಅಂದರೆ ಶಾಫ್ಟು ಸುಮಾರು 0.29 ಮಿ.ಮೀ. ಮೇಲೇಳುತ್ತದೆ. ತಣ್ಣಗಿರುವಾಗಲೇ ಅಷ್ಟು ಲೆಕ್ಕ ಬಿಟ್ಟು ಅಲೈನ್ ಮಾಡಬೇಕು.

## "ಒಂದು ವೇಗದಲ್ಲಿ ಮಾತ್ರ ಅದುರುತ್ತದೆ"

ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ವಿದ್ಯುತ್ ಸಾಧನ) ಹಾಕಿದ ಪಂಪುಗಳಲ್ಲಿ ಈ ದೂರು ಹೆಚ್ಚು. ಉದ್ದಕ್ಕೆ ನಿಂತು, ಮೋಟಾರನ್ನು ತಲೆ ಮೇಲೆ ಹೊತ್ತ ಪಂಪುಗಳಲ್ಲೂ ಹೆಚ್ಚು. ಪ್ರತಿ ರಚನೆಗೂ ತನ್ನದೇ ಒಂದು ತೂಗಾಟದ ಲಯ ಇರುತ್ತದೆ. ಪಂಪಿನ ವೇಗ ಆ ಲಯಕ್ಕೆ ಕೂಡಿಬಂದರೆ ಸಣ್ಣ ಅಸಮತೋಲವೂ ದೊಡ್ಡದಾಗಿ ಕಾಣುತ್ತದೆ. ಇದೇ ಅನುರಣನೆ.

ಪರೀಕ್ಷೆ ಸುಲಭ. ವೇಗವನ್ನು ಸ್ವಲ್ಪ ಇಳಿಸಿ. ಶೇ. 5-10 ಇಳಿಸಿದ್ದಕ್ಕೇ ಕಂಪನ ದಿಢೀರ್ ಬಿದ್ದರೆ ಅನುರಣನೆ. ವೇಗ ಬದಲಿಸಲು ಆಗದಿದ್ದರೆ ಪಂಪು ಆಫ್ ಮಾಡಿ, ನಿಲ್ಲುವವರೆಗೆ ಮಾಪಕ ನೋಡುತ್ತಿರಿ. ಮೂರು ಬಗೆ ಕಾಣುತ್ತದೆ. ಕರೆಂಟ್ ಹೋದ ಕ್ಷಣವೇ ಕಂಪನ ಮಾಯವಾದರೆ ಅದು ಮೋಟಾರಿನ ವಿದ್ಯುತ್ ದೋಷ. ವೇಗದ ಜೊತೆ ನಿಧಾನವಾಗಿ ಇಳಿದರೆ ಯಾಂತ್ರಿಕ ಕಾರಣ. ಇಳಿಯುತ್ತಾ ಇಳಿಯುತ್ತಾ ನಡುವೆ ಒಮ್ಮೆ ಏರಿ ಮತ್ತೆ ಬಿದ್ದರೆ, ಏರಿದ ಆ ವೇಗದಲ್ಲಿ ಅನುರಣನೆ ಇದೆ.

ಪಂಪು ಓಡುವ ಲಯಕ್ಕೂ ರಚನೆಯ ಲಯಕ್ಕೂ ಕನಿಷ್ಠ ಶೇ. 20 ಅಂತರ ಇರಲಿ ಎಂಬುದು ರೂಢಿ. ಅತಿ ಅಗ್ಗದ ಪರಿಹಾರ ಎಂದರೆ ವಿಎಫ್‌ಡಿಯಲ್ಲಿ ಆ ವೇಗಗಳನ್ನು ಹಾರಿಸಿ ಹೋಗುವಂತೆ ಸೆಟ್ ಮಾಡುವುದು. ಆಗದಿದ್ದರೆ ರಚನೆಗೆ ಆನಿಕೆ ಕೊಟ್ಟು ಗಟ್ಟಿ ಮಾಡಬೇಕು. ಗಟ್ಟಿತನ ಎರಡು ಪಟ್ಟಾದರೆ ಲಯ ಸುಮಾರು ಶೇ. 41 ಏರುತ್ತದೆ. ಆದರೆ ಇಲ್ಲಿ ಒಂದು ಹಳ್ಳ ಇದೆ. ಪಂಪು ಓಡುವುದು ರಚನೆಯ ಲಯಕ್ಕಿಂತ ಮೇಲೆ ಇದ್ದರೆ, ಗಟ್ಟಿ ಮಾಡಿದಾಗ ಲಯ ಏರಿ ಪಂಪಿನ ವೇಗದ ಹತ್ತಿರಕ್ಕೇ ಬರಬಹುದು. ಅದಕ್ಕೇ ಕಂಪನ ವಿಶ್ಲೇಷಕರಿಂದ ಬಂಪ್ ಟೆಸ್ಟ್ (ರಚನೆಯನ್ನು ತಟ್ಟಿ ಅದರ ಲಯ ಅಳೆಯುವುದು) ಮಾಡಿಸಿ, ಲಯ ಎಷ್ಟೆಂದು ತಿಳಿದ ಮೇಲೆಯೇ ವೆಲ್ಡಿಂಗ್ ಮಾಡಿ.

## "ರಬ್ಬರ್ ಹಾಕಿದ ಮೇಲೆ ಇನ್ನೂ ಜಾಸ್ತಿಯಾಯಿತು"

ಅದುರುತ್ತಿದೆ ಎಂದು ಬೇಸಿನ ಕೆಳಗೆ ರಬ್ಬರ್ ಪ್ಯಾಡ್ ತುರುಕುವವರು ಬಹಳ. ರಬ್ಬರ್, ಸ್ಪ್ರಿಂಗ್ ಇರುವುದು ಕಂಪನ ಕಟ್ಟಡಕ್ಕೆ ಹರಡದಂತೆ ತಡೆಯಲು. ಪಂಪಿನ ಸ್ವಂತ ಕಾಯಿಲೆ ಅವು ವಾಸಿ ಮಾಡುವುದಿಲ್ಲ.

ಪಂಪಿನ ಭಾರಕ್ಕೆ ಪ್ಯಾಡು ಎಷ್ಟು ಮಿಲಿಮೀಟರ್ ಕುಸಿಯಿತು ನೋಡಿ. 15.8 ಅನ್ನು ಆ ಕುಸಿತದ ವರ್ಗಮೂಲದಿಂದ ಭಾಗಿಸಿದರೆ ಸುಮಾರಾಗಿ ಲಯ ಎಷ್ಟು ಹರ್ಟ್ಸ್ ಎಂದು ಸಿಗುತ್ತದೆ. ರಬ್ಬರಿನಲ್ಲಿ ಈ ಲೆಕ್ಕ ನಿಜಕ್ಕಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ. 1 ಮಿ.ಮೀ. ಕುಸಿದರೆ ಸುಮಾರು 16 ಹರ್ಟ್ಸ್. 980 ಆರ್‌ಪಿಎಂ ಪಂಪು ಓಡುವುದೂ ಸುಮಾರು 16 ಹರ್ಟ್ಸ್‌ನಲ್ಲೇ! ತಡೆಯುವ ಬದಲು ಪ್ಯಾಡು ಕಂಪನವನ್ನು ಸಾಕುತ್ತಿದೆ. 25 ಮಿ.ಮೀ. ಕುಸಿಯುವ ಸ್ಪ್ರಿಂಗಾದರೆ 3 ಹರ್ಟ್ಸ್ ಆಸುಪಾಸು, ಪಂಪಿನ ವೇಗಕ್ಕೆ ಬಹಳ ದೂರ. ಪಂಪಿನ ಲಯ ಮೌಂಟಿನ ಲಯದ 1.4 ಪಟ್ಟು ದಾಟಿದ ಮೇಲೆಯೇ ತಡೆ ಶುರುವಾಗುವುದು.

ಸ್ಪ್ರಿಂಗ್ ಮೌಂಟ್ ಇದ್ದರೆ ಅದರ ಸುತ್ತ ಕಸ, ಹೆಪ್ಪುಗಟ್ಟಿದ ಸಿಮೆಂಟು ಸೇರಿಕೊಂಡಿದೆಯೇ ನೋಡಿ. ಒಂದು ಕಲ್ಲು ಸಿಕ್ಕಿಕೊಂಡರೂ ಸ್ಪ್ರಿಂಗ್ ಕೆಲಸ ಮಾಡುವುದಿಲ್ಲ. ಪೈಪು ಮತ್ತು ಕೇಬಲ್ ಪೈಪು ಕೂಡ ಬಾಗುವಂತಿರಬೇಕು.

## "ಅಲೆಅಲೆಯಾಗಿ ಏರಿ ಇಳಿಯುತ್ತದೆ"

ಪಕ್ಕಪಕ್ಕದಲ್ಲಿ ಎರಡು ಪಂಪು ಓಡುತ್ತಿದ್ದರೆ ಹೀಗಾಗುತ್ತದೆ. ಒಂದು 1480, ಇನ್ನೊಂದು 1470 ಆರ್‌ಪಿಎಂ ಇದ್ದರೆ ನಿಮಿಷಕ್ಕೆ 10 ಸಲ, ಅಂದರೆ 6 ಸೆಕೆಂಡಿಗೊಮ್ಮೆ ಕಂಪನ ಏರಿ ಇಳಿಯುತ್ತದೆ. ಒಂದನ್ನು ನಿಲ್ಲಿಸಿ ನೋಡಿ. ನಿಂತಿರುವ ಪಂಪಿನ ಮೇಲೂ ಕಂಪನ ಇದ್ದರೆ ಅಡಿಪಾಯ ಅಥವಾ ಪೈಪಿನ ಮೂಲಕ ಹಾಯುತ್ತಿದೆ. ಅದನ್ನು ಕಡೆಗಣಿಸಬೇಡಿ. ತಿರುಗದೆ ನಿಂತ ಪಂಪಿನ ಬೇರಿಂಗಿನಲ್ಲಿ ಗುಂಡುಗಳು ಒಂದೇ ಜಾಗದಲ್ಲಿ ಅದುರಿ ಗುಳಿ ಮಾಡುತ್ತವೆ. ಸ್ಟ್ಯಾಂಡ್‌ಬೈ ಪಂಪಿನ ಶಾಫ್ಟನ್ನು, ಬೀಗ ಹಾಕಿ, ವಾರಕ್ಕೊಮ್ಮೆ ಕೈಯಲ್ಲಿ ಒಂದೂಕಾಲು ಸುತ್ತು ತಿರುಗಿಸಿಡಿ.

## "ಒಳಗೆ ಜಲ್ಲಿಕಲ್ಲು ಉರುಳಿದ ಸದ್ದು"

ಇದು ಬುಡದ ತಪ್ಪಲ್ಲ, ಕ್ಯಾವಿಟೇಶನ್ (ಒತ್ತಡ ತಗ್ಗಿ ದ್ರವದಲ್ಲಿ ಆವಿಯ ಗುಳ್ಳೆ ಎದ್ದು ಒಡೆಯುವುದು). ಸಕ್ಷನ್ ಸ್ಟ್ರೈನರ್ ಕಟ್ಟಿಕೊಂಡಿದೆಯೇ, ವಾಲ್ವ್ ಪೂರ್ತಿ ತೆರೆದಿದೆಯೇ, ತೊಟ್ಟಿಯ ಮಟ್ಟ ಇಳಿದಿದೆಯೇ ನೋಡಿ. ಡೆಲಿವರಿ ವಾಲ್ವ್ ಸ್ವಲ್ಪ ಮುಚ್ಚಿದಾಗ ಸದ್ದು ತಗ್ಗಿದರೆ ಗುಮಾನಿ ನಿಜ. ಸಕ್ಷನ್ ವಾಲ್ವ್ ಮುಚ್ಚಿ ಪರೀಕ್ಷಿಸಬೇಡಿ.

## ಎಲ್ಲಿ ನಿಲ್ಲಿಸಬೇಕು, ಯಾರನ್ನು ಕರೆಯಬೇಕು

ಕಂಪನ ನಿಮಿಷ ನಿಮಿಷಕ್ಕೂ ಏರುತ್ತಿದೆ, ಬೇರಿಂಗ್ ಮನೆಯ ಬಿಸಿ ಏರುತ್ತಲೇ ಇದೆ, ಸೀಲಿನಿಂದ ದ್ರವ ಚಿಮ್ಮುತ್ತಿದೆ, ಲೋಹ ಉಜ್ಜುವ ಕಿರುಗುಟ್ಟು ಕೇಳುತ್ತಿದೆ, ಬೋಲ್ಟ್ ತುಂಡಾಗಿದೆ: ಇವುಗಳಲ್ಲಿ ಒಂದು ಕಂಡರೂ ಪಂಪು ನಿಲ್ಲಿಸಿ. ಉತ್ಪಾದನೆ ನಿಲ್ಲುತ್ತದೆ ಎಂದು ಕಾಯಬೇಡಿ. ಬೆಂಕಿ ಹತ್ತುವ ಅಥವಾ ವಿಷದ ದ್ರವವಾದರೆ ಹತ್ತಿರ ಹೋಗಿ ನೋಡುವುದೂ ಬೇಡ, ದೂರದಿಂದಲೇ ನಿಲ್ಲಿಸಿ.

ಅಡಿಪಾಯದ ಬಿರುಕು ಬೆಳೆಯುತ್ತಿದ್ದರೆ, ಫೌಂಡೇಶನ್ ಬೋಲ್ಟು ಕಾಂಕ್ರೀಟಿನಿಂದ ಎದ್ದು ಬರುತ್ತಿದ್ದರೆ ಸಿವಿಲ್ ಎಂಜಿನಿಯರ್ ಬೇಕು. ಅನುರಣನೆ ಎಂದು ಅನಿಸಿದರೆ ಕಂಪನ ವಿಶ್ಲೇಷಕರು. ಪೈಪು ತಿದ್ದುವಾಗ ಕತ್ತರಿಸಿ ವೆಲ್ಡ್ ಮಾಡುವುದಾದರೆ ಪೈಪಿಂಗ್ ಎಂಜಿನಿಯರ್ ಒಪ್ಪಿಗೆ ಬೇಕು. ಅವರು ಬಂದಾಗ ನಿಮ್ಮ ಪುಸ್ತಕ ತೋರಿಸಿ: ಮೂರು ದಿಕ್ಕಿನ ಅಳತೆ, ಕಾಲುಗಳ ಡಯಲ್ ಲೆಕ್ಕ, ಸುತ್ತಿಗೆ ತಟ್ಟಿದ ನಕ್ಷೆ. ಅವರ ಅರ್ಧ ದಿನದ ಕೆಲಸ ಉಳಿಯುತ್ತದೆ.

ರಿಪೇರಿ ಮುಗಿದು ಪಂಪು ಓಡಿದ ಮೇಲೆ ಅದೇ ಜಾಗಗಳಲ್ಲಿ ಮತ್ತೆ ಅಳೆದು ಬರೆಯಿರಿ. ಒಂದು ವಾರದ ನಂತರ ಬೀಗ ಹಾಕಿ ಬೋಲ್ಟುಗಳ ಟಾರ್ಕ್ ಮತ್ತೊಮ್ಮೆ ನೋಡಿ, ಕಾಲುಗಳ ಗೆರೆಗೆ ಎರಡು ಹನಿ ಎಣ್ಣೆ ಬಿಡಿ. ಪಂಪು ಓಡುವಾಗ ಗುಳ್ಳೆ ಏಳದಿದ್ದರೆ ಅಂದಿನ ದಿನಾಂಕ, ಅಳತೆ ಬರೆದು ಪುಸ್ತಕ ಮುಚ್ಚಿ.